ಪೆಡಲ್ ನೆಲ ಮುಟ್ಟಿದಾಗ: ಘಟ್ಟ ಇಳಿಯುವ ಕಾರಿನವರಿಗೆ ಬಹಿರಂಗ ಪತ್ರ

ಚಾರ್ಮಾಡಿ, ಶಿರಾಡಿ, ಆಗುಂಬೆ, ಹುಲಿಕಲ್, ಸಂಪಾಜೆ, ಅರಬೈಲು, ದೇವಿಮನೆ ಘಾಟಿಗಳಲ್ಲಿ ಸ್ವಂತ ಕಾರು ಓಡಿಸುವ ಎಲ್ಲರಿಗೂ,

ನಾನು ಘಟ್ಟದ ಬುಡದಲ್ಲಿ ಸಣ್ಣದೊಂದು ಗ್ಯಾರೇಜು ಇಟ್ಟುಕೊಂಡವನು. ಸಾಲು ರಜೆ ಬಂತೆಂದರೆ ಬೆಂಗಳೂರು, ಮೈಸೂರು, ಹಾಸನದ ಕಡೆಯಿಂದ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ಅಂತ ನೀವು ಸಾಲುಗಟ್ಟಿ ಇಳಿಯುತ್ತೀರಿ. ನಮ್ಮ ಕರಾವಳಿಯವರು ಅಷ್ಟೇ ಹುರುಪಿನಿಂದ ಮೇಲೆ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಸಂಜೆಯ ಮಂಜಿನಲ್ಲಿ ವಾಪಸು ಬರುತ್ತಾರೆ. ಹಾಗೆ ಇಳಿದು ಬಂದ ಕಾರುಗಳಲ್ಲಿ ಕೆಲವು ಸುಟ್ಟ ವಾಸನೆಯ ಚಕ್ರದೊಂದಿಗೆ ನನ್ನ ಅಂಗಳಕ್ಕೆ ಬರುತ್ತವೆ, ಕೆಲವನ್ನು ಎಳೆದು ತರುತ್ತಾರೆ. “ಇದ್ದಕ್ಕಿದ್ದ ಹಾಗೆ ಬ್ರೇಕ್ ಹೋಯ್ತು” ಎನ್ನುತ್ತಾ ಯಜಮಾನರು ಕುರ್ಚಿಯಲ್ಲಿ ಕೂರುತ್ತಾರೆ. ಆ ಗಾಡಿಗಳ ಅಡಿಗೆ ತೂರಿ ನೋಡುವುದು ನನ್ನ ಕೆಲಸ. ಹಾಗೆ ನೋಡಿ ತಿಳಿದ ಎರಡು ಸಂಗತಿ ಹೇಳಲು ಈ ಪತ್ರ. ಬ್ರೇಕ್ ಪೈಪು ಒಡೆದ ಮೇಲೂ ಗಾಡಿ ನಿಲ್ಲಿಸುವ ಉಪಾಯಗಳು ನಿಮ್ಮ ಕೈಕಾಲಿನ ಅಳತೆಯಲ್ಲೇ ಇರುತ್ತವೆ, ಅವುಗಳ ಕ್ರಮ ಮೊದಲೇ ಗೊತ್ತಿರಬೇಕು. ಮತ್ತೆ, ಬಹುತೇಕ ಪೈಪುಗಳು ಒಡೆಯುವುದಕ್ಕೆ ಎಷ್ಟೋ ಮೊದಲೇ ಗುರುತು ತೋರಿಸಿರುತ್ತವೆ, ಬಗ್ಗಿ ನೋಡುವವರು ಬೇಕು.

ಮೊದಲು ಪೆಡಲಿನ ವಿಷಯ. ಕಾಲಿನಡಿ ಅದು ಹೇಗೆ ವರ್ತಿಸುತ್ತದೆ ಎನ್ನುವುದರಿಂದಲೇ ಏನು ಕೆಟ್ಟಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಪೆಡಲ್ ಬಿಗಿದುಕೊಂಡು, ಎಷ್ಟು ತುಳಿದರೂ ಕೆಳಗಿಳಿಯದಿದ್ದರೆ, ತುಳಿತಕ್ಕೆ ಬಲ ಕೂಡಿಸುವ ಬೂಸ್ಟರಿನ ಸಹಾಯ ತಪ್ಪಿದೆ. ಮೈಭಾರ ಹಾಕಿ ತುಳಿದರೆ ಗಾಡಿ ನಿಲ್ಲುತ್ತದೆ. ಪೆಡಲ್ ಸರಿಯಾಗಿಯೇ ನಿಂತು, ಸುಟ್ಟ ವಾಸನೆ ಬಂದು, ಗಾಡಿ ಮಾತ್ರ ಹಿಡಿಯದಿದ್ದರೆ ಪ್ಯಾಡು ಮಿತಿಮೀರಿ ಕಾದಿದೆ. ಪೆಡಲ್ ಮೆತ್ತಗಾಗಿ ಎರಡು ಮೂರು ಸಲ ತುಳಿದರೆ ಮಾತ್ರ ಮೇಲೇಳುತ್ತಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ಯಾವ ತಡೆಯೂ ಇಲ್ಲದೆ ಪೆಡಲ್ ಸರ್ರನೆ ಕೆಳಗೆ ಹೋಯಿತೋ, ಆಗ ಪೈಪು ಅಥವಾ ಹೋಸು ಒಡೆದಿರಬಹುದು, ಮಾಸ್ಟರ್ ಸಿಲಿಂಡರಿನ ಸೀಲು ಕೈಕೊಟ್ಟಿರಲೂಬಹುದು. ಪೆಡಲ್ ಕೆಳಗಿಳಿಯದಿರಲು ಇನ್ನೊಂದು ಕಾರಣ ಇದಕ್ಕೆಲ್ಲ ಸಂಬಂಧವಿಲ್ಲದ್ದು: ಸೀಟಿನಡಿಯಿಂದ ಉರುಳಿ ಬಂದ ನೀರಿನ ಬಾಟಲಿ ಪೆಡಲಿನ ಹಿಂದೆ ಸಿಕ್ಕಿಕೊಂಡಿರುವುದು. ಚಾಲಕನ ಕಾಲಿನ ಹತ್ತಿರ ಬಾಟಲಿ, ಚಪ್ಪಲಿ, ಮಕ್ಕಳ ಆಟಿಕೆ ಏನೂ ಇಡಬೇಡಿ.

ಈಗ ಸಮಾಧಾನದ ಮಾತು. ನೀವು ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನಿಂದ ಹೊರಟ ಒತ್ತಡ ಪೆನ್ಸಿಲಿಗಿಂತ ಸಪೂರವಾದ ಉಕ್ಕಿನ ಪೈಪುಗಳಲ್ಲಿ, ಕೊನೆಗೆ ರಬ್ಬರ್ ಹೋಸುಗಳಲ್ಲಿ ಹಾದು ಚಕ್ರ ತಲುಪುತ್ತದೆ. ಹಳೆಯ ಕಾಲದ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಲೈನಿತ್ತು, ಒಂದು ಕಡೆ ಒಡೆದರೆ ಎಲ್ಲವೂ ಖಾಲಿ. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಎರಡು ಪ್ರತ್ಯೇಕ ಲೈನುಗಳನ್ನು ಕಡ್ಡಾಯ ಮಾಡಿದರು. ಇವತ್ತು ನಮ್ಮಲ್ಲಿ ಓಡುವ ಕಾರುಗಳಲ್ಲಿಯೂ ಮಾಸ್ಟರ್ ಸಿಲಿಂಡರಿನೊಳಗೆ ಎರಡು ಕೋಣೆ, ಎರಡು ಸರ್ಕ್ಯೂಟು. ಮುಂದಿನ ಚಕ್ರದಿಂದ ಓಡುವ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಎಡ ಚಕ್ರಕ್ಕೂ ಹಿಂದಿನ ಬಲ ಚಕ್ರಕ್ಕೂ ಒಂದು, ಉಳಿದೆರಡಕ್ಕೆ ಇನ್ನೊಂದು. ಒಂದು ಪೈಪು ಒಡೆದರೆ ಅರ್ಧ ಬ್ರೇಕು ಉಳಿದಿರುತ್ತದೆ. ಆದರೆ ಅದು ಸಿಗುವುದು ಪೆಡಲ್ ತುಂಬ ಕೆಳಗೆ ಹೋದ ಮೇಲೆ. ಎಂದಿನ ಜಾಗದಲ್ಲಿ ಹಿಡಿಯಲಿಲ್ಲ ಎಂದು ಗಾಬರಿಯಾಗಿ ಕಾಲು ತೆಗೆದವರು ಉಳಿದ ಅರ್ಧವನ್ನೂ ತಾವಾಗಿಯೇ ಕಳೆದುಕೊಳ್ಳುತ್ತಾರೆ.

ಹಾಗಾಗಿ ಮೊದಲ ಕೆಲಸ: ಪೆಡಲನ್ನು ಕೊನೆಯವರೆಗೂ ಬಲವಾಗಿ ತುಳಿಯಿರಿ. ಅಲ್ಲಿ ಒಂದಿಷ್ಟು ಹಿಡಿತ ಸಿಕ್ಕಿತೋ, ಒತ್ತಿ ಹಿಡಿಯಿರಿ, ಬಿಡಬೇಡಿ. ನಿಲ್ಲಲು ಎಂದಿಗಿಂತ ಬಹಳ ಹೆಚ್ಚು ದೂರ ಬೇಕಾಗುತ್ತದೆ, ಗಾಡಿ ಒಂದು ಕಡೆಗೆ ಎಳೆಯಲೂಬಹುದು, ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿಯಿರಿ. ಏನೂ ಸಿಗಲಿಲ್ಲವೆಂದರೆ ಪೂರ್ತಿ ಬಿಟ್ಟು ಮತ್ತೆ ಪೂರ್ತಿ, ಬೇಗ ಬೇಗ ನಾಲ್ಕಾರು ಸಲ ತುಳಿಯಿರಿ. ಸಣ್ಣ ಲೀಕಾಗಿದ್ದರೆ, ಗಾಳಿ ಸೇರಿದ್ದರೆ ಹಾಗೆ ಒತ್ತಡ ಕಟ್ಟಿಕೊಂಡು ಪೆಡಲ್ ಮೇಲೆ ಬರುವುದುಂಟು. ಬಂದ ಕೂಡಲೇ ಒತ್ತಿ ಹಿಡಿಯಿರಿ.

ಇದು ನಡೆಯುತ್ತಿರುವಾಗಲೇ ಎಡಗೈ ಗೇರಿಗೆ ಹೋಗಬೇಕು. ನಾಲ್ಕರಲ್ಲಿದ್ದರೆ ಮೂರು, ಮೂರರಿಂದ ಎರಡು, ಕೊನೆಗೆ ಒಂದು. ಒಂದೊಂದಾಗಿ ಇಳಿಸಿ, ಪ್ರತಿ ಸಲವೂ ಕ್ಲಚ್ ಪೂರ್ತಿ ಬಿಡಿ. ಇಲ್ಲಿ ಬಹಳ ಜನ ಎಡವುವುದು ಎಡಗಾಲಿನಿಂದ. ಬ್ರೇಕಿನ ಜೊತೆಗೆ ಕ್ಲಚ್ಚನ್ನೂ ಒತ್ತುವುದು ಡ್ರೈವಿಂಗ್ ಕಲಿಯುವಾಗಲೇ ಅಂಟಿದ ಅಭ್ಯಾಸ. ಪೇಟೆಯಲ್ಲಿ ಅದರಿಂದ ದೊಡ್ಡ ತೊಂದರೆಯಿಲ್ಲ. ಇಳಿಜಾರಿನಲ್ಲಿ ಕ್ಲಚ್ ಒತ್ತಿಟ್ಟರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ, ಗಾಡಿಯನ್ನು ಹಿಡಿದಿಡುವ ದೊಡ್ಡ ಬಲ ತಪ್ಪಿಹೋಗುತ್ತದೆ. ವೇಗ ಜಾಸ್ತಿಯಿರುವಾಗ ನೇರ ಒಂದನೇ ಗೇರಿಗೆ ನುಗ್ಗಿಸಲು ಹೋಗಬೇಡಿ. ಗೇರು ಬೀಳುವುದೇ ಇಲ್ಲ, ನೀವು ನ್ಯೂಟ್ರಲ್‌ನಲ್ಲಿ ಸಿಕ್ಕಿಬೀಳುತ್ತೀರಿ. ಆಟೋಮ್ಯಾಟಿಕ್ ಗಾಡಿಯಾದರೆ ಎಲ್‌ ಅಥವಾ ಮ್ಯಾನ್ಯುಯಲ್ ಮೋಡಿಗೆ ಹಾಕಿ ಗೇರು ಇಳಿಸಿ. ಓಡುವಾಗ ಪಾರ್ಕಿಂಗಿಗೂ ರಿವರ್ಸಿಗೂ ಹಾಕಬೇಡಿ.

ಗೇರಿನ ಹಿಡಿತ ಸಿಕ್ಕಿ ವೇಗ ತಗ್ಗುತ್ತಿದ್ದಂತೆ ಹ್ಯಾಂಡ್ ಬ್ರೇಕ್. ಸಾಮಾನ್ಯ ಕಾರುಗಳಲ್ಲಿ ಇದು ಕೇಬಲ್ಲಿನ ಮೂಲಕ ಹಿಂದಿನ ಚಕ್ರ ಹಿಡಿಯುತ್ತದೆ. ಆಯಿಲಿಗೂ ಪೈಪಿಗೂ ಇದಕ್ಕೂ ಸಂಬಂಧವಿಲ್ಲ. ಲಿವರಿನ ತುದಿಯ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದುಕೊಂಡೇ ನಿಧಾನಕ್ಕೆ ಎಳೆಯಿರಿ, ಸ್ವಲ್ಪ ಎಳೆದು ಸ್ವಲ್ಪ ಬಿಡಿ. ಗುಂಡಿ ಒತ್ತಿಹಿಡಿದರೆ ಹಿಂದಿನ ಚಕ್ರ ಕಚ್ಚಿಕೊಂಡು ಜಾರತೊಡಗಿದ ಕ್ಷಣ ಬಿಡಲು ಸಾಧ್ಯ. ಮಳೆಯ ರಸ್ತೆಯಲ್ಲಿ, ತಿರುವಿನ ನಡುವೆ ಒಮ್ಮೆಲೇ ಜಗ್ಗಿದರೆ ಗಾಡಿ ಗಿರ್ರನೆ ತಿರುಗಿ ನಿಲ್ಲುತ್ತದೆ, ಆಮೇಲೆ ಅದು ಎತ್ತ ಹೋಗುತ್ತದೆ ಎನ್ನುವುದು ನಿಮ್ಮ ಕೈಯಲ್ಲಿಲ್ಲ. ಗುಂಡಿಯೊತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕಿನ ಕಾರುಗಳಲ್ಲಿ ಸಾಮಾನ್ಯವಾಗಿ ಆ ಸ್ವಿಚ್ಚನ್ನು ಬಿಡದೆ ಹಿಡಿದರೆ ಗಾಡಿ ತಾನೇ ಅಳತೆಯಲ್ಲಿ ನಿಲ್ಲಿಸಿಕೊಳ್ಳುತ್ತದೆ. ನಿಮ್ಮ ಕಾರಿನದು ಹೇಗೆ ಎಂದು ಕೈಪಿಡಿಯಲ್ಲಿ ಓದಿ ಇಟ್ಟುಕೊಳ್ಳಿ.

60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಇಷ್ಟೆಲ್ಲ ಮಾಡಲು ನಿಮಗಿರುವುದು ಕೆಲವೇ ಸೆಕೆಂಡು. ಆದ್ದರಿಂದ ಕಣ್ಣು ರಸ್ತೆಯ ಮೇಲೇ ಇರಲಿ. ಒಂದೇ ಸಮನೆ ಹಾರ್ನ್ ಹೊಡೆಯಿರಿ, ಹೆಡ್‌ಲೈಟು, ಹಜಾರ್ಡ್ ಲೈಟು ಹಾಕಲು ಪಕ್ಕದಲ್ಲಿ ಕೂತವರಿಗೆ ಹೇಳಿ. ಏರು ಕಂಡರೆ ಆ ಕಡೆ, ಜಲ್ಲಿ ರಾಶಿಯೋ ಮರಳೋ ಇದ್ದರೆ ಅದರ ಮೇಲೆ. ಬೇರೆ ದಾರಿಯೇ ಇಲ್ಲದಿದ್ದರೆ ಗುಡ್ಡದ ಬದಿಯ ಧರೆಗೆ ಕಾರಿನ ಪಕ್ಕವನ್ನು ಓರೆಯಾಗಿ ಒರೆಸಿಕೊಂಡು ಹೋಗಿ. ಬಾಗಿಲಿನ ತಗಡು ಹರಿಯುತ್ತದೆ, ಕನ್ನಡಿ ಮುರಿಯುತ್ತದೆ, ವೇಗ ಇಳಿಯುತ್ತದೆ. ಮುಂಭಾಗದಿಂದ ಬಂಡೆಗೆ ಗುದ್ದುವುದಕ್ಕಿಂತ, ಕಣಿವೆ ಬದಿಯ ಕಟ್ಟೆಯನ್ನು ನಂಬುವುದಕ್ಕಿಂತ ಇದು ಎಷ್ಟೋ ಮೇಲು.

ಮಾಡಬಾರದ್ದು ಏನು? ಗಾಡಿ ಓಡುತ್ತಿರುವಾಗ ಎಂಜಿನ್ ಬಂದ್ ಮಾಡಬೇಡಿ. ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ, ಪವರ್ ಸ್ಟಿಯರಿಂಗ್ ಭಾರವಾಗುತ್ತದೆ, ಕೀ ಹೊರಗೆಳೆದರಂತೂ ಸ್ಟಿಯರಿಂಗೇ ಲಾಕ್ ಆಗಬಹುದು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಯುವವರು ಈಗಲೂ ಇದ್ದಾರೆ. ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಸುಡಲೇಬೇಕು. ಅಂದರೆ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಘಟ್ಟದ ಹಳೆ ಚಾಲಕರ ಲೆಕ್ಕ ಇಂದಿಗೂ ಸರಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಆಗುಂಬೆಯ 14 ತಿರುವನ್ನು ಎರಡನೇ ಗೇರಿನಲ್ಲಿ ಇಳಿಯುತ್ತಿರುವವನ ಪೈಪು ಒಡೆದರೆ ಅವನ ಕೈಯಲ್ಲಿ ಇನ್ನೂ ಸಮಯವಿರುತ್ತದೆ. ನಾಲ್ಕರಲ್ಲಿ ಇಳಿಯುವವನಿಗೆ ಅದಿಲ್ಲ.

ಬಸ್ಸು–ಲಾರಿಯವರ ಕೆಲಸ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಅವುಗಳ ಗಾಳಿ ಬ್ರೇಕಿನಲ್ಲಿ ಒತ್ತಡ ತೀರ ಇಳಿದರೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಚಕ್ರ ಹಿಡಿದುಕೊಳ್ಳುವ ಏರ್ಪಾಡಿದೆ. ಕಾರಿನಲ್ಲಿ ಅಂಥದ್ದಿಲ್ಲ. ಎಬಿಎಸ್ ಇದೆಯಲ್ಲ ಎಂದರೆ, ಪೈಪಿನಲ್ಲಿ ಆಯಿಲೇ ಇಲ್ಲದಿರುವಾಗ ಎಬಿಎಸ್ ಏನೂ ಮಾಡಲಾರದು. ಎಲೆಕ್ಟ್ರಿಕ್ ಕಾರಿನವರಿಗೆ ಇನ್ನೊಂದು ಮಾತು. ಆಕ್ಸಿಲರೇಟರ್ ಬಿಟ್ಟಾಗ ಮೋಟಾರೇ ಗಾಡಿ ಹಿಡಿಯುವುದು ನಿಮಗೆ ದೊಡ್ಡ ವರ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ಶಕ್ತಿಗೆ ಹೋಗಲು ಜಾಗವಿಲ್ಲ, ಹಿಡಿತ ಕಡಿಮೆಯಾಗುತ್ತದೆ. ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ರಾತ್ರಿಯಿಡೀ ಚಾರ್ಜಿಗಿಟ್ಟು ನೂರು ಪರ್ಸೆಂಟ್ ಮಾಡಿಕೊಂಡು ಬೆಳಿಗ್ಗೆ ನೇರ ಘಟ್ಟ ಇಳಿಯಬೇಡಿ. ಸ್ವಲ್ಪ ಖಾಲಿ ಇಟ್ಟುಕೊಳ್ಳಿ.

ಗಾಡಿ ನಿಂತಿತು. ಈಗ ಗೇರಿನಲ್ಲೇ ಎಂಜಿನ್ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಎಲ್ಲರನ್ನೂ ಗುಡ್ಡದ ಬದಿಯಿಂದ ಇಳಿಸಿ, ಚಕ್ರಕ್ಕೆ ದೊಡ್ಡ ಕಲ್ಲು ಕೊಡಿ. ತ್ರಿಕೋನದ ಬೋರ್ಡನ್ನು ತಿರುವಿನ ಆಚೆಗೇ ಇಡಿ, ಬರುವವರಿಗೆ ನಿಮ್ಮ ಗಾಡಿ ಕಾಣುವ ಮೊದಲೇ ಬೋರ್ಡು ಕಾಣಬೇಕು. ಸಹಾಯಕ್ಕೆ 112, ರಾಷ್ಟ್ರೀಯ ಹೆದ್ದಾರಿಯಾದರೆ 1033. “ಸ್ವಲ್ಪ ಆಯಿಲ್ ಹಾಕಿ ನಿಧಾನಕ್ಕೆ ಕೆಳಗಿನ ಊರಿನ ತನಕ ಹೋಗೋಣ” ಎಂದು ಯಾರು ಹೇಳಿದರೂ ಒಪ್ಪಬೇಡಿ. ಒಡೆದ ಪೈಪಿಗೆ ಹಾಕಿದ ಆಯಿಲ್ ಮತ್ತೆ ಅಲ್ಲಿಂದಲೇ ಹೋಗುತ್ತದೆ. ಎಂಜಿನ್ ಆಯಿಲನ್ನು ಬಾನೆಟ್ಟಿನಡಿಯ ಬ್ರೇಕ್ ಆಯಿಲ್ ಡಬ್ಬಿಗೆ ಸುರಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಊದಿಕೊಂಡು ಇಡೀ ವ್ಯವಸ್ಥೆಯನ್ನೇ ಬದಲಾಯಿಸಬೇಕಾಗುತ್ತದೆ. ನೀರು ಹಾಕಿದರೆ ಬ್ರೇಕು ಕಾದೊಡನೆ ಕುದಿಯುತ್ತದೆ.

ಇನ್ನು ಪೈಪು ಯಾಕೆ ಒಡೆಯುತ್ತದೆ ಎನ್ನುವುದಕ್ಕೆ ಬರೋಣ. ಗಾಡಿಯನ್ನು ರಾಂಪಿಗೆ ಹತ್ತಿಸಿ ಅಡಿಯಲ್ಲಿ ನಿಂತರೆ, ಬಾನೆಟ್ಟಿನ ಕಡೆಯಿಂದ ಹಿಂದಿನ ಆಕ್ಸಲಿನ ತನಕ ಈ ಉಕ್ಕಿನ ಪೈಪುಗಳು ಸಾಗುವುದು ಕಾಣುತ್ತದೆ. ಅಲ್ಲಲ್ಲಿ ಪ್ಲಾಸ್ಟಿಕ್ ಕ್ಲಿಪ್ಪು. ಆ ಕ್ಲಿಪ್ಪಿನೊಳಗೆ ಕೆಸರು ಸೇರಿ ಒಣಗುವುದೇ ಇಲ್ಲ, ತುಕ್ಕು ಹೆಚ್ಚಾಗಿ ಅಲ್ಲೇ ಶುರುವಾಗುತ್ತದೆ. ಮೊದಲು ಮೇಲಿನ ಲೇಪ ಉಬ್ಬುತ್ತದೆ, ಆಮೇಲೆ ಕೆಂಪು ಪುಡಿ, ಆಮೇಲೆ ಉಗುರಿನಲ್ಲಿ ಕೆರೆದರೆ ಪದರ ಪದರವಾಗಿ ಎದ್ದು ಬರುತ್ತದೆ. ಪೈಪಿನ ಗೋಡೆಯ ದಪ್ಪ ಒಂದು ಮಿಲಿಮೀಟರೂ ಇಲ್ಲ. ಜೋರಾಗಿ ತುಳಿದಾಗ ಒಳಗಿನ ಒತ್ತಡ ಟೈರಿನ ಗಾಳಿಯ ಒತ್ತಡದ ಹತ್ತಾರು ಪಟ್ಟು. ಮೆಲ್ಲಗೆ ತುಳಿಯುವಷ್ಟು ದಿನ ತುಕ್ಕು ಹಿಡಿದ ಪೈಪು ತಾಳಿಕೊಂಡಿರುತ್ತದೆ. ತಿರುವಿನಲ್ಲಿ ಎದುರಿಗೆ ಲಾರಿ ಬಂದು ನೀವು ಜೀವ ಬಿಟ್ಟು ತುಳಿದಾಗ ಒಡೆಯುತ್ತದೆ. ಬ್ರೇಕು ಬೇಕೇ ಬೇಕಾದ ಹೊತ್ತಿನಲ್ಲೇ ಕೈಕೊಡುವುದರ ಹಿಂದೆ ಹಣೆಬರಹವೇನೂ ಇಲ್ಲ, ಇಷ್ಟೇ ಕಾರಣ.

ಕರಾವಳಿಯ ಗಾಡಿಗಳಿಗೆ ಈ ರೋಗ ಜಾಸ್ತಿ. ಉಪ್ಪಿನ ಗಾಳಿ, ಉದ್ದ ಮಳೆಗಾಲ, ರಸ್ತೆಯುದ್ದಕ್ಕೂ ಮೀನಿನ ಲಾರಿಯಿಂದ ಸೋರುವ ಉಪ್ಪುನೀರು, ಎಲ್ಲವೂ ಅಡಿಗೆ ಹೊಡೆಯುತ್ತದೆ. ಕಣ್ಣೂರು ಹತ್ತಿರದ ಮುಳಪ್ಪಿಲಂಗಾಡ್ ಬೀಚಿನಲ್ಲಿ ಮರಳಿನ ಮೇಲೆ ಕಾರು ಓಡಿಸಿ ಫೋಟೋ ತೆಗೆಸಿಕೊಂಡು ಬರುವವರು, ಬಂದ ದಿನವೇ ಸಿಹಿನೀರಿನಲ್ಲಿ ಗಾಡಿಯ ಅಡಿಭಾಗ ತೊಳೆಸಿ. ಮೇಲಿನ ಬಣ್ಣ ಆಮೇಲೆ ತೊಳೆದರೂ ಆದೀತು. ಹಳೆ ಗಾಡಿ ಕೊಳ್ಳುವವರು ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದದ್ದು ಕಂಡರೆ ಖುಷಿಪಡುವ ಮೊದಲು ಅದರಡಿಯ ಪೈಪು ಹೇಗಿದೆ ಎಂದು ಕೇಳಿ. ತುಕ್ಕಿನ ಮೇಲೆ ಬಳಿದ ಕೋಟಿಂಗ್ ತುಕ್ಕನ್ನು ಮುಚ್ಚುತ್ತದೆ, ನಿಲ್ಲಿಸುವುದಿಲ್ಲ.

ಹೋಸುಗಳ ಕತೆ ಬೇರೆ. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವಾಗೆಲ್ಲ ಬಾಗುವ ರಬ್ಬರ್ ಇದು. ಬಾಗುವ ಜಾಗದಲ್ಲಿ ಸೀಳು ಬಿಡುತ್ತದೆ, ಪೆಡಲ್ ತುಳಿದಾಗ ಉಬ್ಬುತ್ತದೆ. ಪ್ಯಾಡು ಬದಲಿಸುವಾಗ ಅದನ್ನು ಒತ್ತುವ ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ಇಡಬೇಕು. ಅವಸರದ ಕೆಲಸಗಾರ ಅದನ್ನು ಹೋಸಿನಲ್ಲೇ ನೇತಾಡಲು ಬಿಡುತ್ತಾನೆ. ಆ ಭಾರಕ್ಕೆ ಒಳಪದರ ಹರಿದರೆ ಹೊರಗಿನಿಂದ ಏನೂ ಕಾಣಿಸುವುದಿಲ್ಲ. ನೀವು ಗ್ಯಾರೇಜಿನಲ್ಲಿ ನಿಂತಿದ್ದಾಗ ಹೀಗೆ ನೇತಾಡುವುದು ಕಂಡರೆ ದಾಕ್ಷಿಣ್ಯವಿಲ್ಲದೆ ಹೇಳಿ.

ಮೂರನೆಯದು ಆಯಿಲ್. ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಬರೆದಿರುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಾನದಂಡದ ಪ್ರಕಾರ ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯ ತನಕ ಕುದಿಯಬಾರದು, 3.7 ಶೇಕಡಾ ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155 ಆಗುತ್ತದೆ. ಘಟ್ಟದುದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯುವವನಿಗೆ ಈ ವ್ಯತ್ಯಾಸ ಜೀವನ್ಮರಣದ್ದು. ಹೀರಿದ ನೀರು ಪೈಪನ್ನು ಒಳಗಿನಿಂದಲೂ ತಿನ್ನುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ಬಹಳಷ್ಟು ಕಂಪನಿಗಳು ಹೇಳುವುದು ಇದಕ್ಕೇ.

ಬದಲಾಯಿಸುವಾಗ ಒಮ್ಮೆ ನಿಂತು ನೋಡಿ. ಗ್ಯಾರೇಜಿನ ಹುಡುಗ ಸೀಟಿನಲ್ಲಿ ಕೂತಿರುತ್ತಾನೆ. ನಾನು ಚಕ್ರದ ಹಿಂದೆ ಕುಕ್ಕರುಗಾಲಲ್ಲಿ ಕೂತು ಗಾಳಿ ತೆಗೆಯುವ ನಿಪ್ಪಲಿಗೆ ತೆಳು ಟ್ಯೂಬು ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯ ಆಯಿಲಿನಲ್ಲಿ ಮುಳುಗಿಸಿರುತ್ತೇನೆ. “ತುಳಿ, ಹಿಡಿ” ಎಂದು ನಿಪ್ಪಲ್ ಕಾಲು ಸುತ್ತು ಸಡಿಲಿಸಿದರೆ ಕಪ್ಪು ಆಯಿಲಿನ ಜೊತೆ ಗುಳ್ಳೆಗಳು ಪುಟಪುಟನೆ ಬರುತ್ತವೆ. ಬಿಗಿದ ಮೇಲೆ “ಬಿಡು.” ಬಿಗಿಯುವ ಮೊದಲೇ ಹುಡುಗ ಕಾಲೆತ್ತಿದರೆ ಗಾಳಿ ಒಳಕ್ಕೆ ಹೋಗಿ ಮಾಡಿದ ಕೆಲಸ ಹಾಳು. ಗುಳ್ಳೆ ನಿಂತು ತಿಳಿ ಆಯಿಲ್ ಬರುವ ತನಕ ನಾಲ್ಕು ಚಕ್ರಕ್ಕೂ ಹೀಗೇ ಮಾಡಬೇಕು. ಮೇಲಿನ ಡಬ್ಬಿಯ ಆಯಿಲನ್ನು ಮಾತ್ರ ಸಿರಿಂಜಿನಲ್ಲಿ ಎಳೆದು ಹೊಸದನ್ನು ಸುರಿದು ಬಿಲ್ಲು ಬರೆದವನು ನಿಮಗೆ ಮೋಸ ಮಾಡಿದ್ದಾನೆ.

ಇದನ್ನೆಲ್ಲ ಸರ್ಕಾರ ನೋಡುವುದಿಲ್ಲವೇ ಎಂದು ಕೇಳಬಹುದು. ಹಳದಿ ಬೋರ್ಡಿನ ಗಾಡಿಗಳಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್ನೆಸ್ ಆಗಬೇಕು. ನಿಮ್ಮ ಬಿಳಿ ಬೋರ್ಡಿನ ಕಾರಿನ ನೋಂದಣಿ 15 ವರ್ಷ. ಅಷ್ಟು ವರ್ಷ ಹೊಗೆ ತಪಾಸಣೆ ಕಡ್ಡಾಯ, ವಿಮೆ ಕಡ್ಡಾಯ, ಬ್ರೇಕ್ ಪೈಪು ನೋಡಿಸುವುದು ಮಾತ್ರ ನಿಮ್ಮ ಇಷ್ಟ. ಹಾಗೆಂದು ಹೊಣೆ ತಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮು ನಿಮಗೆ ಗೊತ್ತಿದ್ದ ದೋಷದ ಜೊತೆಗೆ, ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷಕ್ಕೂ ನಿಮ್ಮನ್ನೇ ಹೊಣೆ ಮಾಡುತ್ತದೆ. ಬಿಳಿ ಬೋರ್ಡಿನ ಗಾಡಿಗಳಿಗೂ ಐದನೇ ವರ್ಷದ ನಂತರ ಅಡಿಭಾಗದ ತಪಾಸಣೆ ಕಡ್ಡಾಯವಾಗಬೇಕು ಎನ್ನುವುದು ನನ್ನ ಅಭಿಪ್ರಾಯ. ಅದು ಬರುವ ತನಕ ಕಾಯುತ್ತಾ ಕೂರಬೇಡಿ.

ನೀವೇ ನೋಡಬಹುದಾದದ್ದು ಕಡಿಮೆಯೇನಿಲ್ಲ. ಆಯುಧಪೂಜೆಗೆ ಹೇಗೂ ಗಾಡಿ ತೊಳೆಯುತ್ತೀರಿ. ಕರಾವಳಿ–ಮಲೆನಾಡಿನಲ್ಲಿ ಮಳೆಗಾಲ ಮುಗಿಯುತ್ತಾ ಬಂದಿರುತ್ತದೆ, ತುಕ್ಕು ನೋಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಕುಂಕುಮ ಹಚ್ಚುವ ಮೊದಲು ಮೊಬೈಲಿನ ಟಾರ್ಚ್ ಹಿಡಿದು ಚಕ್ರಗಳ ಒಳಮೈ ನೋಡಿ. ಟೈರಿನ ಒಳಬದಿಯಲ್ಲಿ ಒದ್ದೆ ಕಲೆ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಬಾನೆಟ್ ತೆಗೆದು ಡಬ್ಬಿಯ ಮಟ್ಟ ನೋಡಿ. ಪ್ಯಾಡು ಸವೆದಂತೆ ಅದು ನಿಧಾನಕ್ಕೆ ಇಳಿಯುವುದು ಸಹಜ, ತಿಂಗಳೊಳಗೆ ಇಳಿದರೆ ಎಲ್ಲೋ ಸೋರುತ್ತಿದೆ. ಡ್ಯಾಶ್‌ಬೋರ್ಡಿನಲ್ಲಿ ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆಯ ಕೆಂಪು ದೀಪ ಹೊತ್ತಿದರೆ ಹ್ಯಾಂಡ್ ಬ್ರೇಕ್ ಮರೆತಿದ್ದೇನೆ ಎಂದುಕೊಂಡು ಹಾಗೇ ಹೋಗುವವರೇ ಹೆಚ್ಚು. ಬಹಳಷ್ಟು ಕಾರುಗಳಲ್ಲಿ ಆಯಿಲ್ ಕಡಿಮೆಯಾದಾಗಲೂ ಹೊತ್ತುವುದು ಅದೇ ದೀಪ. ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಅದು ಆರದಿದ್ದರೆ ಘಟ್ಟಕ್ಕೆ ಇಳಿಯಬೇಡಿ.

ಚಾರ್ಮಾಡಿಯಲ್ಲಿ ಅಣ್ಣಪ್ಪ ಸ್ವಾಮಿಗೆ ಕೈಮುಗಿಯಲು ಗಾಡಿ ನಿಲ್ಲಿಸುವವರು ಬಹಳ. ಕೈಮುಗಿದು ಬಂದ ಮೇಲೆ ನಾಲ್ಕು ಚಕ್ರದ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿ, ಮುಟ್ಟಬೇಡಿ. ಮುಂದಿನ ಎರಡರಲ್ಲಿ ಒಂದು ಮಾತ್ರ ವಿಪರೀತ ಕಾದಿದ್ದರೆ, ಸುಟ್ಟ ವಾಸನೆಯಿದ್ದರೆ ಅರ್ಧ ಗಂಟೆ ಆರಲು ಬಿಡಿ. ಹೊರಡುವ ಮುನ್ನ ಎಂಜಿನ್ ಚಾಲೂ ಮಾಡಿ ಪೆಡಲನ್ನು ಒಂದು ನಿಮಿಷ ಒತ್ತಿಹಿಡಿಯಿರಿ. ಕಾಲಿನಡಿ ನಿಧಾನಕ್ಕೆ ಕುಸಿಯುತ್ತಾ ಹೋದರೆ ಅಲ್ಲಿಂದ ಮುಂದೆ ಹೋಗಬಾರದು.

ಕೊನೆಯದಾಗಿ ಒಂದು ಕೋರಿಕೆ. ಈ ಭಾನುವಾರ ನಿಮ್ಮೂರಿನ ಖಾಲಿ ಮೈದಾನಕ್ಕೆ ಗಾಡಿ ಒಯ್ದು, 20–25ರ ವೇಗದಲ್ಲಿ ಬ್ರೇಕ್ ಪೆಡಲ್ ಮುಟ್ಟದೆ ಗೇರು ಇಳಿಸಿ, ಗುಂಡಿ ಒತ್ತಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ ನೋಡಿ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರ ಕೈಯಲ್ಲೂ ಮಾಡಿಸಿ. ಮುಂದಿನ ಸಲ ಸರ್ವಿಸಿಗೆ ಬಿಟ್ಟಾಗ “ಬ್ರೇಕ್ ಪೈಪು, ಹೋಸು ನೋಡಿ, ನನಗೂ ತೋರಿಸಿ” ಎಂದು ಹೇಳಿ. ತೋರಿಸಲು ಒಪ್ಪದ ಗ್ಯಾರೇಜಿಗೆ ಮತ್ತೆ ಹೋಗಬೇಡಿ, ಅದು ನನ್ನದೇ ಆದರೂ ಸರಿ.

ಇತಿ,
ಘಟ್ಟದ ಬುಡದ ಒಬ್ಬ ಮೆಕ್ಯಾನಿಕ್